ಹದಿನಾಲ್ಕರ ಲೆಕ್ಕ



ಕೆನಡಾದ ಶಾಂತಾಲ್ ಬೆನ್ವಾ ಎಳೆಯ ವಯಸ್ಸಿನಲ್ಲಿ ಡೈವಿಂಗ್ ಪಟು. 18ರ ಹರೆಯದಲ್ಲಿ ಮೂಳೆಯ ಕ್ಯಾನ್ಸರ್‌ನಿಂದಾಗಿ ಅವರ ಒಂದು ಕಾಲನ್ನು ಕತ್ತರಿಸಬೇಕಾಯಿತು. ಮುಂದೆ ಅವರು ವೀಲ್‌ಚೇರ್ ಬ್ಯಾಸ್ಕೆಟ್‌ಬಾಲ್ ಆಡತೊಡಗಿದರು. 1992ರಲ್ಲಿ ಬಾರ್ಸಿಲೋನಾ, 1996ರಲ್ಲಿ ಅಟ್ಲಾಂಟಾ, 2000ದಲ್ಲಿ ಸಿಡ್ನಿ: ಸತತ ಮೂರು ಪ್ಯಾರಾಲಿಂಪಿಕ್ಸ್‌ಗಳಲ್ಲಿ ಚಿನ್ನ ಗೆದ್ದ ತಂಡದಲ್ಲಿ ಅವರಿದ್ದರು. 2004ರಲ್ಲಿ ಅಥೆನ್ಸ್‌ನಲ್ಲಿ ತಮ್ಮ ದೇಶದ ಬಾವುಟ ಹಿಡಿದು ಮುಂದೆ ಸಾಗಿದವರೂ ಅವರೇ.

ಈ ಆಟದಲ್ಲಿ ಬುಟ್ಟಿಯನ್ನು ಒಂದಿಂಚೂ ಕೆಳಗಿಳಿಸಿಲ್ಲ. ನಿಂತು ಆಡುವವರಿಗೆ ಇರುವ 3.05 ಮೀಟರ್ ಎತ್ತರವೇ ಕುಳಿತು ಆಡುವವರಿಗೂ. ಆದರೆ ತಂಡ ಕಟ್ಟುವುದಕ್ಕೆ ಒಂದು ಲೆಕ್ಕವಿದೆ. ದೇಹದ ಕಸುವಿಗೆ ತಕ್ಕಂತೆ ಪ್ರತಿಯೊಬ್ಬರಿಗೂ 1ರಿಂದ 4.5ರವರೆಗೆ ಪಾಯಿಂಟ್ ಕೊಡುತ್ತಾರೆ. ಮುಂಡದ ಮೇಲೆ ಹಿಡಿತ ಇಲ್ಲದ ಅಥವಾ ತೀರ ಕಡಿಮೆ ಇರುವವರಿಗೆ 1, ಹೆಚ್ಚು ಕಸುವುಳ್ಳವರಿಗೆ 4.5. ಅಂಗಳಕ್ಕಿಳಿಯುವ ಐವರ ಪಾಯಿಂಟ್ ಕೂಡಿದರೆ 14 ಮೀರುವಂತಿಲ್ಲ.

ಬೆನ್ವಾ ಅವರದು 4.5 ಆಗಿತ್ತು. ಅವರು ಆಡಬೇಕೆಂದರೆ ಉಳಿದ ನಾಲ್ವರ ಮೊತ್ತ 9.5ರೊಳಗೆ ಇರಬೇಕಿತ್ತು. ಅಂದರೆ ಕಡಿಮೆ ಪಾಯಿಂಟಿನ ಜೊತೆಗಾತಿಯರು ಇದ್ದರೆ ಮಾತ್ರ ಅವರಿಗೆ ಅಂಗಳದಲ್ಲಿ ಜಾಗವಿರುತ್ತಿತ್ತು.

ಆ ಜೊತೆಗಾತಿಯರು ಲೆಕ್ಕ ತುಂಬಿಸಲು ಬಂದವರಲ್ಲ. ಒಂದು ಪಾಯಿಂಟಿನ ಆಟಗಾರ್ತಿ ತನ್ನ ಕುರ್ಚಿಯನ್ನು ಎದುರಾಳಿಯ ಚಕ್ರಕ್ಕೆ ಅಡ್ಡಲಾಗಿ ತಂದು ನಿಲ್ಲಿಸುತ್ತಾಳೆ. ವೀಲ್‌ಚೇರ್ ಪಕ್ಕಕ್ಕೆ ಸರಿಯಲಾರದು. ಎದುರಾಳಿ ಹಿಂದೆ ಸರಿದು, ಕುರ್ಚಿ ತಿರುಗಿಸಿ, ಬಳಸಿಕೊಂಡೇ ಬರಬೇಕು. ಅಷ್ಟರಲ್ಲಿ ತನ್ನ ತಂಡದವಳಿಗೆ ದಾರಿ ತೆರವಾಗುತ್ತದೆ, ಚೆಂಡು ಬುಟ್ಟಿ ಸೇರುತ್ತದೆ. ಸ್ಕೋರ್ ಹಾಳೆಯಲ್ಲಿ ಬರೆಯುವುದು ಎಸೆದವಳ ಹೆಸರು. ಅಡ್ಡ ನಿಂತವಳಿಲ್ಲದೆ ಆ ಎಸೆತವೇ ಇಲ್ಲ.

ನಾವಾದರೋ ಕೈಲಾಗದವರನ್ನು ಕಂಡರೆ 'ಅಯ್ಯೋ ಪಾಪ' ಎನ್ನುತ್ತೇವೆ. ಆ ಮಾತಿನಲ್ಲಿ ಮರುಕವಿದೆ, ನಿಜ. ಆದರೆ ಪಾಪ ಎಂದವರಿಗೆ ನಾವು ಯಾವ ಹೊಣೆಯನ್ನೂ ಒಪ್ಪಿಸುವುದಿಲ್ಲ. ವಯಸ್ಸಾದ ಅತ್ತೆ, ಮಾತು ತೊದಲುವ ಸಹೋದ್ಯೋಗಿ, ನಿಧಾನವಾಗಿ ಕಲಿಯುವ ಮಗು, ಇವರನ್ನೆಲ್ಲ ಅಕ್ಕರೆಯಿಂದಲೇ ಬದಿಗೆ ಕೂರಿಸಿಬಿಡುತ್ತೇವೆ. ಬೇಡವಾದವರು ಎಂಬ ನೋವು ಅವರಿಗೆ ಅಂಟಿಕೊಳ್ಳುವುದು ಹೀಗೆಯೇ. ಬಲವುಳ್ಳವರಿಗೂ ಇದರಿಂದ ನಷ್ಟವಿದೆ. ತಮ್ಮ ಗೆಲುವು ಯಾರ ನೆರವಿನಿಂದ ಬಂತೆಂಬುದನ್ನೇ ಅವರು ಮರೆಯುತ್ತಾರೆ.

ಇಂದು ಮನೆಯಲ್ಲಾಗಲಿ ಕಚೇರಿಯಲ್ಲಾಗಲಿ ಕೆಲಸ ಹಂಚುವಾಗ, 'ಅವರಿಂದ ಆಗೋಲ್ಲ ಬಿಡಿ' ಎನ್ನುವ ಮೊದಲು, ಅವರಿಂದ ಏನಾದೀತು ಎಂದು ಅವರನ್ನೇ ಕೇಳೋಣ. ಒಪ್ಪಿದ ಕೆಲಸವನ್ನು ನಂಬಿ ಅವರಿಗೆ ಬಿಟ್ಟುಕೊಡೋಣ. ಕೆಲಸ ಕೈಗೂಡಿದಾಗ ಮೊದಲು ಅವರ ಹೆಸರು ಹೇಳೋಣ.