ಕೋಚ್ ಕೊಡುವ ಪಟ್ಟಿ



ನ್ಯೂಜೆರ್ಸಿಯಲ್ಲೋ ಕ್ಯಾಲಿಫೋರ್ನಿಯಾದಲ್ಲೋ ನೆಲೆಸಿರುವ ನೆಂಟರಿಗೆ ಶನಿವಾರ ಫೋನ್ ಮಾಡಿದರೆ, "ಮಗಳದ್ದು ಮ್ಯಾಚ್ ಇದೆ, ಆಮೇಲೆ ಮಾತಾಡ್ತೀನಿ" ಎಂಬ ಉತ್ತರ ಬರುವುದುಂಟು. ಅಲ್ಲಿನ ಮಕ್ಕಳು ಆರೇಳು ವರ್ಷಕ್ಕೇ ಫುಟ್‌ಬಾಲ್ ಆಡತೊಡಗುತ್ತಾರೆ. ಹೈಸ್ಕೂಲು ಹತ್ತಿರವಾದಂತೆ ಕೆಲವು ಮನೆಗಳಲ್ಲಿ ಆಟದ ಜೊತೆಗೆ ಇನ್ನೊಂದು ಆಸೆಯೂ ಸೇರಿಕೊಳ್ಳುತ್ತದೆ. ಹಾರ್ವರ್ಡ್, ಯೇಲ್‌ನಂಥ ಕಡೆ ಒಂದು ಸೀಟು.

ನಮ್ಮ ಸಿಇಟಿಯಲ್ಲಿ ರ್ಯಾಂಕ್ ಮಾತಾಡುತ್ತದೆ. ಅಲ್ಲಿನ ಹೆಸರಾಂತ ಕಾಲೇಜುಗಳು ಅಂಕದ ಜೊತೆ ಪ್ರಬಂಧ, ಮೇಷ್ಟರ ಪತ್ರ, ಮಗುವಿನ ಹವ್ಯಾಸಗಳನ್ನೂ ಅಳೆದು ತೂಗುತ್ತವೆ. ಆಟಗಾರರ ವಿಷಯದಲ್ಲಿ ತಂಡದ ಕೋಚ್ ಹೇಳುವ ಮಾತಿಗೆ ದೊಡ್ಡ ಬೆಲೆ. ತನಗೆ ಬೇಕಾದ ಕೆಲವೇ ಹೆಸರುಗಳನ್ನು ಕೋಚ್ ಪ್ರವೇಶ ಕಚೇರಿಗೆ ಕೊಡುತ್ತಾರೆ. ಕಚೇರಿಯವರು ಆ ಮಕ್ಕಳ ಅಂಕಗಳನ್ನು ಮುಂಚೆಯೇ ನೋಡಿ, ಆಗುತ್ತದೋ ಇಲ್ಲವೋ ಎಂದು ಸೂಚಿಸುತ್ತಾರೆ. ಪ್ರವೇಶ ನೀತಿಯ ಬಗ್ಗೆ ಹಾರ್ವರ್ಡ್ ಮೇಲೆ ನಡೆದ ಮೊಕದ್ದಮೆಯಲ್ಲಿ ಹೊರಬಿದ್ದ ದಾಖಲೆಗಳ ಪ್ರಕಾರ, ಕೋಚ್ ಆರಿಸಿದ ಆಟಗಾರರಲ್ಲಿ ಶೇಕಡಾ 86ರಷ್ಟು ಮಂದಿಗೆ ಸೀಟು ಸಿಕ್ಕಿತ್ತು. ಯಾವ ವಿಶೇಷ ಒತ್ತಾಸೆಯೂ ಇಲ್ಲದ ಅರ್ಜಿದಾರರಲ್ಲಿ ಅದು ಶೇಕಡಾ 6ರ ಆಸುಪಾಸು. ಆದರೆ ಓದಿನಲ್ಲಿ ಹಿಂದುಳಿದವರ ಹೆಸರು ಆ ಪಟ್ಟಿಗೆ ಬರುವುದೇ ಕಷ್ಟ ಎಂಬುದನ್ನು ಮರೆಯಬಾರದು. ಹಾರ್ವರ್ಡ್, ಯೇಲ್ ಸೇರಿದ ಐವಿ ಲೀಗ್ ಗುಂಪಿನ ಕಾಲೇಜುಗಳು ಆಟಕ್ಕೆಂದು ವಿದ್ಯಾರ್ಥಿವೇತನ ಕೊಡುವುದಿಲ್ಲ. ಅಲ್ಲಿ ಆಟದಿಂದ ದಕ್ಕುವುದು ಸೀಟು ಮಾತ್ರ.

ಕೋಚ್ ಕಣ್ಣಿಗೆ ಬೀಳುವುದು ಹೇಗೆ? ಶಾಲೆಯ ತಂಡಕ್ಕಿಂತ ಖಾಸಗಿ ಕ್ಲಬ್ಬುಗಳ ಮೂಲಕವೇ ಹೆಚ್ಚು. ಕ್ಲಬ್ಬುಗಳು ಸೇರಿ 'ಶೋಕೇಸ್' ಎಂಬ ಟೂರ್ನಮೆಂಟ್ ನಡೆಸುತ್ತವೆ. ಮೈದಾನದ ಅಂಚಿನಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಕುಳಿತ ಕಾಲೇಜು ಕೋಚ್‌ಗಳ ಕೈಯಲ್ಲಿ ಆಟಗಾರರ ಹೆಸರು, ಜೆರ್ಸಿ ನಂಬರ್, ಶಾಲೆಯ ಅಂಕ ಇರುವ ಹಾಳೆ. ಹುಡುಗಿ ಮುಂಚೆಯೇ ಅವರಿಗೆ ಇಮೇಲ್ ಕಳಿಸಿರುತ್ತಾಳೆ: ನನ್ನ ಮ್ಯಾಚ್ ಇಷ್ಟು ಗಂಟೆಗೆ, ಇಂಥ ಮೈದಾನದಲ್ಲಿ, ನಂಬರ್ ಹದಿನಾಲ್ಕು, ದಯವಿಟ್ಟು ನೋಡಿ. ಹತ್ತನೆಯ ತರಗತಿ ಮುಗಿದ ಮೇಲೆ ಬರುವ ಜೂನ್ 15ರವರೆಗೆ ಕಾಲೇಜು ಕ್ರೀಡೆಯ ಮೊದಲ ದರ್ಜೆಯ (ಡಿವಿಷನ್ 1) ಕೋಚ್‌ಗಳು ತಂಡಕ್ಕೆ ಸೇರಿಸಿಕೊಳ್ಳುವ ಮಾತನ್ನು ಮಗುವಿನೊಡನೆ ಆಡುವಂತಿಲ್ಲ. ಹಾಗಾಗಿ ಮೊದಲ ಹೆಜ್ಜೆ ಮಕ್ಕಳದ್ದೇ.

ಇದಕ್ಕೆಲ್ಲ ಹಣ ಬೇಕು. ಕ್ಲಬ್ ಶುಲ್ಕ, ವಿಮಾನ, ಹೋಟೆಲ್, ವಾರಾಂತ್ಯವಿಡೀ ಕಾರು ಓಡಿಸಲು ಬಿಡುವಿರುವ ತಂದೆತಾಯಿ. ಕಾಲಿನಲ್ಲಿ ಚಳಕವಿದ್ದೂ ಕೂಲಿ ಮಾಡುವವರ ಮನೆಯಲ್ಲಿ ಹುಟ್ಟಿದ ಮಗು ಆ ಶೋಕೇಸ್‌ವರೆಗೆ ಹೋಗುವುದೇ ದುಸ್ತರ. ಪ್ರತಿಭೆಗೆ ತೆರೆದ ಬಾಗಿಲು ಎಂದು ಕರೆಯುವ ಈ ವ್ಯವಸ್ಥೆ ಬಹುಮಟ್ಟಿಗೆ ಉಳ್ಳವರ ಬಾಗಿಲೇ ಆಗಿದೆ. ಇದು ನನ್ನನ್ನು ನಿಜಕ್ಕೂ ಕಾಡುತ್ತದೆ. 2019ರಲ್ಲಿ ಬಯಲಾದ ಕಾಲೇಜು ಪ್ರವೇಶದ ಹಗರಣ ನೆನಪಿರಬಹುದು. ಯೇಲ್ ಮಹಿಳಾ ತಂಡದ ಕೋಚ್ ರೂಡಿ ಮೆರೆಡಿತ್ 4 ಲಕ್ಷ ಡಾಲರ್ ಲಂಚ ಪಡೆದು, ಸ್ಪರ್ಧಾತ್ಮಕ ಫುಟ್‌ಬಾಲ್ ಆಡದ ಹುಡುಗಿಯೊಬ್ಬಳನ್ನು ಆಟಗಾರ್ತಿಯೆಂದು ತೋರಿಸಿ ಸೀಟು ಕೊಡಿಸಿದ್ದರು. ಪಟ್ಟಿಯಲ್ಲಿನ ಒಂದು ಹೆಸರಿಗೆ ಎಷ್ಟು ಬೆಲೆಯಿದೆ ಎಂಬುದು ಅಂದು ನ್ಯಾಯಾಲಯದಲ್ಲೇ ಗೊತ್ತಾಯಿತು.

ಅಮೆರಿಕದಲ್ಲಿ ಕುಳಿತು ಈ ಮಾತು ಕೇಳುತ್ತಿರುವ ಕನ್ನಡಿಗ ತಂದೆತಾಯಿಗಳಿದ್ದರೆ ಅವರಲ್ಲಿ ಎರಡು ಮನವಿ. ಕೋಚ್ "ನೀನು ನಮಗೆ ಬೇಕು" ಎಂದಾಕ್ಷಣ ಸೀಟು ಸಿಕ್ಕಿತೆಂದು ತಿಳಿಯಬೇಡಿ. ಪ್ರವೇಶ ಕಚೇರಿ ಅಂಕಗಳನ್ನು ನೋಡಿ ಏನು ಹೇಳಿತು ಎಂದು ನೇರವಾಗಿ ಕೇಳಿ. ಎರಡನೆಯದು, ಕಾಲೇಜು ತಂಡದಲ್ಲಿ ಆಟದ ಋತು ನಡೆಯುವಾಗ ವಾರಕ್ಕೆ 20 ಗಂಟೆಯವರೆಗೆ ಅಭ್ಯಾಸ, ಪಂದ್ಯ ಇರುತ್ತದೆ. ಓದಿನ ಜೊತೆ ಅಷ್ಟು ಆಡಲು ಮನಸ್ಸಿದೆಯೇ ಎಂದು ಮೊದಲು ಮಗುವನ್ನು ಕೇಳಿ, ಕ್ಲಬ್ಬಿನ ಶುಲ್ಕ ಆಮೇಲೆ ಕಟ್ಟಿ.