ಟೆಂಟ್ ಒಳಗೆ ತಂದ ಕೆಂಡ: ಬಯಲಲ್ಲಿ ಮಲಗೋದನ್ನ ಎಲ್ಲಿಂದ ಶುರು ಮಾಡಬೇಕು?

ಬಸ್ಸಲ್ಲಿ ನಿಂತ್ಕೊಂಡು ಕೇಳ್ತಿದ್ದೀರೋ, ಪಾತ್ರೆ ತೊಳೀತಾ ಕೇಳ್ತಿದ್ದೀರೋ, ಎಲ್ಲೇ ಇರಿ, ಇವತ್ತು ಸ್ವಲ್ಪ ಹೊತ್ತು ಹೊರಗೆ ಹೋಗಿ ಬರೋಣ. ಇವತ್ತಿನ ವಿಷಯ ಕ್ಯಾಂಪಿಂಗ್.

ಮೊದಲು ಒಂದು ರಾತ್ರಿಯ ಕಥೆ ಹೇಳ್ತೀನಿ. ಕೆಲವು ವರ್ಷಗಳ ಹಿಂದೆ, ಡಿಸೆಂಬರ್ ತಿಂಗಳು. ನಾವು ನಾಲ್ಕು ಜನ ಗೆಳೆಯರು ಚಿಕ್ಕಮಗಳೂರು ಕಡೆಯ ಒಂದು ಕಾಫಿ ತೋಟದಲ್ಲಿ ಎರಡು ಟೆಂಟ್ ಹಾಕಿದ್ವಿ. ಕಬ್ಬಿಣದ ಬಾಂಡ್ಲಿಯಲ್ಲಿ ಬೆಂಕಿ, ಹಾಡು, ಹರಟೆ ಎಲ್ಲಾ ಆಯ್ತು. ರಾತ್ರಿ ಹನ್ನೊಂದು ದಾಟಿದ ಮೇಲೆ ಚಳಿ ಶುರು ಆಯ್ತು ನೋಡಿ! ನಾವು ತಂದಿದ್ದು ಒಂದೊಂದು ತೆಳ್ಳನೆ ಹೊದಿಕೆ ಅಷ್ಟೇ. ಬಾಂಡ್ಲಿಯಲ್ಲಿ ಕೆಂಪಗೆ ಕೆಂಡ ಇತ್ತು, ಹೊಗೆ ಇರಲಿಲ್ಲ. ನಮ್ಮಲ್ಲೊಬ್ಬ, "ಹೊಗೆ ಇಲ್ವಲ್ಲ, ಇದನ್ನ ಟೆಂಟ್ ಒಳಗೇ ಇಟ್ಕೊಳ್ಳೋಣ" ಅಂದ. ಆ ಒಬ್ಬ ನಾನೇ. ಜಿಪ್ ಪೂರ್ತಿ ಎಳೆದು ಮಲಗಿದ್ವಿ.

ತೋಟದ ರೈಟರು, ವಯಸ್ಸಾದವರು, ಮಲಗೋ ಮುಂಚೆ ಬೆಂಕಿ ಆರಿದೆಯಾ ಅಂತ ನೋಡೋಕೆ ಟಾರ್ಚ್ ಹಿಡ್ಕೊಂಡು ಬಂದ್ರಂತೆ. ಬಾಂಡ್ಲಿ ಇದ್ದ ಜಾಗದಲ್ಲಿ ಬಾಂಡ್ಲಿ ಇಲ್ಲ. ಅವರಿಗೆ ಅಷ್ಟು ಸಾಕಾಯ್ತು. ಜಿಪ್ ಎಳೆದು, ನಮ್ಮಿಬ್ಬರನ್ನೂ ಕಾಲು ಹಿಡಿದು ಹೊರಗೆ ಎಳೆದು ಹಾಕಿದ್ರು. ನನಗೆ ನೆನಪಿರೋದು ತಲೆ ಸಿಡಿಯೋ ನೋವು, ವಾಂತಿ, ಮತ್ತೆ ಅವರ ದನಿ: "ಏಳ್ರಪ್ಪಾ, ಏಳ್ರೋ!" ಪಕ್ಕದಲ್ಲಿದ್ದ ನನ್ನ ಗೆಳೆಯ ಏಳಲಿಲ್ಲ. ತೋಟದ ಜೀಪಿನಲ್ಲಿ ಆಸ್ಪತ್ರೆಗೆ ಹೋಗಿ, ಆಕ್ಸಿಜನ್ ಹಾಕಿ, ಅವನು ಕಣ್ಣುಬಿಟ್ಟಾಗ ಬೆಳಗಿನ ಜಾವ.

ಆಗಿದ್ದು ಇಷ್ಟು. ಕೆಂಡ ಉರಿಯುವಾಗ ಕಾರ್ಬನ್ ಮಾನಾಕ್ಸೈಡ್ ಅನ್ನೋ ಅನಿಲ ಬರುತ್ತೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಈ ಅನಿಲವನ್ನ ಹಿಡ್ಕೊಳ್ಳುತ್ತೆ. ತಲೆನೋವು, ತಲೆಸುತ್ತು, ವಾಕರಿಕೆ, ಆಮೇಲೆ ನಿದ್ದೆ. ನಿದ್ದೆಯಲ್ಲಿರೋನಿಗೆ ತನಗೆ ಏನಾಗ್ತಿದೆ ಅಂತ ಗೊತ್ತೇ ಆಗಲ್ಲ. ಹಾಗಾಗಿ ಇವತ್ತಿನ ಸಂಚಿಕೆಯಲ್ಲಿ ಒಂದೇ ಮಾತು ನೆನಪಿಟ್ಕೊಳ್ಳೋದಾದ್ರೆ ಇದನ್ನ ಇಟ್ಕೊಳ್ಳಿ: ಕೆಂಡ, ಇದ್ದಿಲು, ಗ್ಯಾಸ್ ಸ್ಟೌ, ಯಾವುದೂ ಟೆಂಟ್ ಒಳಗೆ ಬರಬಾರದು. ಐದು ನಿಮಿಷಕ್ಕೂ ಬೇಡ.

ಹಾಗಾದ್ರೆ ಬಯಲಲ್ಲಿ ಮಲಗೋದೇ ಬೇಡ್ವಾ? ಖಂಡಿತ ಬೇಕು. ನಮ್ಮ ತಪ್ಪು ಕ್ಯಾಂಪಿಂಗ್‌ಗೆ ಹೋಗಿದ್ದಲ್ಲ. ಒಂದು ರಾತ್ರಿಯೂ ಹೊರಗೆ ಮಲಗಿ ಗೊತ್ತಿಲ್ಲದೆ ನೇರ ಅಲ್ಲಿಗೆ ಹೋಗಿದ್ದು. ಮನೆಯಿಂದ ಒಂದೊಂದೇ ಹೆಜ್ಜೆ ದೂರ ಹೋಗಬೇಕು ಅನ್ನೋದು ನಾನು ಆಮೇಲೆ ಕಲಿತಿದ್ದು. ಆ ಹೆಜ್ಜೆಗಳನ್ನ ಹೇಳ್ತೀನಿ.

ಮೊದಲನೇದು, ನಿಮ್ಮ ಮನೆ ತಾರಸಿ. ನಗಬೇಡಿ. ಉತ್ತರ ಕರ್ನಾಟಕದವರಿಗೆ ಬೇಸಿಗೆಯಲ್ಲಿ ಮಾಳಿಗೆ ಮೇಲೆ ಮಲಗೋದು ಹೊಸದೇನಲ್ಲ. ಒಂದು ರಾತ್ರಿ ಚಾಪೆ, ಹೊದಿಕೆ, ಟಾರ್ಚ್ ತಗೊಂಡು ಮೇಲೆ ಹೋಗಿ. ನಸುಕಿನಲ್ಲಿ ಚಳಿ ಮೇಲಿಂದಷ್ಟೇ ಅಲ್ಲ, ಕೆಳಗಿಂದಲೂ ಬರುತ್ತೆ ಅಂತ ಗೊತ್ತಾಗುತ್ತೆ. ನೆಲ ಮೈಯ ಶಾಖ ಎಳ್ಕೊಳ್ಳುತ್ತೆ. ಅದಕ್ಕೇ ಹೊದಿಯೋದಕ್ಕಿಂತ ಹಾಸೋದು ಮುಖ್ಯ. ಇದು ನಮಗೆ ಆ ರಾತ್ರಿ ಗೊತ್ತಿದ್ದಿದ್ರೆ ಬಾಂಡ್ಲಿ ಒಳಗೆ ಬರ್ತಾನೇ ಇರಲಿಲ್ಲ.

ಎರಡನೇದು, ಗೊತ್ತಿರೋರ ಹೊಲ, ತೋಟ ಅಥವಾ ಟೆಂಟ್ ಹಾಕೋಕೆ ಬಿಡೋ ಹೋಮ್‌ಸ್ಟೇ. ಇಲ್ಲಿ ಟೆಂಟ್ ಹಾಕೋದು ಕಲೀತೀರಿ. ತೆಂಗಿನ ಮರದ ಕೆಳಗೆ ಹಾಕಬೇಡಿ, ಕಾಯಿ ಬಿದ್ರೆ ಕಥೆ ಮುಗೀತು. ಒಣಗಿದ ಕೊಂಬೆ ಕೆಳಗೂ ಬೇಡ. ಹಳ್ಳದ ಪಕ್ಕ ಎಷ್ಟೇ ಚೆನ್ನಾಗಿದ್ರೂ ಬೇಡ. ಮೇಲೆಲ್ಲೋ ಮಳೆ ಬಿದ್ರೆ ನೀರು ಕೆಳಗೆ ಬರೋಕೆ ನಿಮ್ಮ ಅಪ್ಪಣೆ ಕೇಳಲ್ಲ. ಜಾಗದವರಿಗೆ ನೀವು ಎಲ್ಲಿ ಮಲಗ್ತೀರಿ ಅಂತ ಹೇಳಿಯೇ ಮಲಗಿ. ನಾನು ಇವತ್ತು ಮಾತಾಡ್ತಿರೋದೇ ಒಬ್ಬರು ರಾತ್ರಿ ಬಂದು ನೋಡಿದ್ದರಿಂದ.

ಮೂರನೇದು, ಸರ್ಕಾರಿ ಕ್ಯಾಂಪ್‌ಗಳು. ಕಾಡು ನೋಡಬೇಕು, ಆದ್ರೆ ಅನುಭವ ಇಲ್ಲ, ಜೊತೆಗೆ ಅಪ್ಪ ಅಮ್ಮ ಬರ್ತಾರೆ ಅನ್ನೋರಿಗೆ ಇದು ಸರಿ. ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್ 1980ರಲ್ಲಿ ಶುರುವಾಗಿದ್ದು. ಬಿಳಿಗಿರಿರಂಗನ ಬೆಟ್ಟದ ಕೆ.ಗುಡಿಯಲ್ಲಿ ಟೆಂಟ್ ಮನೆಗಳಿವೆ, ಕಾವೇರಿ ದಡದ ಭೀಮೇಶ್ವರಿಯಲ್ಲೂ ಕ್ಯಾಂಪ್ ಇದೆ. ದುಡ್ಡು ಸ್ವಲ್ಪ ಜಾಸ್ತಿ, ನಿಜ. ಆದ್ರೆ ಜೊತೆಗೆ ಕಾಡು ಗೊತ್ತಿರೋರು ಇರ್ತಾರೆ. ಯಾವ ಹಕ್ಕಿ ಕೂಗ್ತು, ಜಿಂಕೆ ಯಾಕೆ ಬೆದರಿತು ಅಂತ ಅವರ ಬಾಯಲ್ಲಿ ಕೇಳೋದೇ ಒಂದು ಪಾಠ.

ನಾಲ್ಕನೇದು ಚಾರಣ, ನಮ್ಮ ಭಾಷೆಯಲ್ಲಿ ಟ್ರೆಕ್ಕಿಂಗ್. ಬಹಳ ಜನ ಇಲ್ಲಿಂದಲೇ ಶುರು ಮಾಡ್ತಾರೆ. 2024ರ ಜನವರಿಯಲ್ಲಿ ಒಂದೇ ವಾರಾಂತ್ಯಕ್ಕೆ ಸಾವಿರಾರು ಜನ ಕುಮಾರಪರ್ವತಕ್ಕೆ ನುಗ್ಗಿದ ವಿಡಿಯೊ ನೀವೂ ನೋಡಿರ್ತೀರಿ. 1,712 ಮೀಟರ್ ಎತ್ತರದ ಬೆಟ್ಟದ ದಾರಿಯಲ್ಲಿ ದರ್ಶನದ ಕ್ಯೂ ಥರ ಜನ. ಅದಾದ್ಮೇಲೆ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನ ಸರ್ಕಾರ ತಾತ್ಕಾಲಿಕವಾಗಿ ನಿಲ್ಲಿಸ್ತು. ಈಗ "ಅರಣ್ಯ ವಿಹಾರ" ಅನ್ನೋ ಸರ್ಕಾರಿ ಜಾಲತಾಣದಲ್ಲಿ ಬುಕ್ ಮಾಡಬೇಕು, ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇದೆ. ಹೊರಡೋ ಮುಂಚೆ ಆ ದಾರಿ ತೆರೆದಿದೆಯಾ ನೋಡ್ಕೊಳ್ಳಿ, ಕಾಡ್ಗಿಚ್ಚಿನ ಕಾಲದಲ್ಲಿ ಮುಚ್ತಾರೆ. ವನ್ಯಜೀವಿಧಾಮದೊಳಗೆ ಅನುಮತಿ ಇಲ್ಲದೆ ಹೋಗೋದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. ಹಾಗಾಗಿ "ನಮಗೆ ಒಂದು ಗುಪ್ತ ಜಾಗ ಗೊತ್ತು, ಅಲ್ಲೇ ಟೆಂಟ್ ಹಾಕೋಣ" ಅನ್ನೋ ಗೆಳೆಯನ ಮಾತು ಕೇಳಬೇಡಿ. ಬೆಳಿಗ್ಗೆ ಹತ್ತಿ, ಕತ್ತಲಾಗೋ ಮುಂಚೆ ಇಳಿದು ಬನ್ನಿ.

ಮಲೆನಾಡಿನ ಕಾಡಿಗೆ ಹೋಗೋರಿಗೆ ಇನ್ನೊಂದು ಮಾತು. ಮಳೆಗಾಲದ ಇಂಬಳ ನೋಡಿ ಎಲ್ಲರೂ ಹೆದರ್ತಾರೆ, ಅದು ಸ್ವಲ್ಪ ರಕ್ತ ಕುಡಿದು ಬಿದ್ದು ಹೋಗುತ್ತೆ. ನಿಜಕ್ಕೂ ಹುಷಾರಾಗಿರಬೇಕಾದ್ದು ಒಣ ಹವೆಯ ಉಣುಗಿಗೆ, ಕೆಲವು ಕಡೆ ಉಣ್ಣೆ ಅಂತಾರೆ. ಮಂಗನ ಕಾಯಿಲೆ ಹರಡೋದು ಅದರಿಂದ. ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮೊದಲು ಪತ್ತೆಯಾಗಿದ್ದು. ಅದರ ಕಾಲ ಹೆಚ್ಚುಕಮ್ಮಿ ಡಿಸೆಂಬರ್‌ನಿಂದ ಮೇ ತನಕ, ಅಂದ್ರೆ ಸರಿಯಾಗಿ ನಮ್ಮ ಚಾರಣದ ಕಾಲ. ತುಂಬು ತೋಳಿನ ಅಂಗಿ, ಕಾಲ್ಚೀಲದೊಳಗೆ ಪ್ಯಾಂಟ್, ಬಂದ ತಕ್ಷಣ ಬಿಸಿನೀರಿನ ಸ್ನಾನ. ಆಮೇಲೆ ಜ್ವರ ಬಂದ್ರೆ ಡಾಕ್ಟರ್ ಹತ್ರ "ಕಾಡಿಗೆ ಹೋಗಿದ್ದೆ" ಅಂತ ಮರೆಯದೆ ಹೇಳಿ.

ಕೊನೆಗೆ, ಇಷ್ಟೆಲ್ಲಾ ಕಷ್ಟ ಯಾಕೆ? ನನ್ನ ಅಮ್ಮ ಕೇಳೋ ಪ್ರಶ್ನೆಯೇ ಅದು: "ಇಷ್ಟು ದೊಡ್ಡ ಮನೆ ಇಟ್ಕೊಂಡು ಬಯಲಲ್ಲಿ ಯಾಕೋ ಮಲಗ್ತೀಯ?" ನನ್ನ ಹತ್ರ ಉತ್ತರ ಇರಲಿಲ್ಲ. ಪ್ರತಿ ವರ್ಷ ಡಿಸೆಂಬರ್ 13, 14ರ ಸುಮಾರಿಗೆ ಜೆಮಿನಿಡ್ಸ್ ಅನ್ನೋ ಉಲ್ಕೆಗಳ ಮಳೆ ಜೋರಾಗಿರುತ್ತೆ. ಕಳೆದ ಸಲ ಅಮ್ಮನನ್ನ ತಾರಸಿಗೆ ಕರ್ಕೊಂಡು ಹೋದೆ. ನಮ್ಮ ಬೀದಿ ದೀಪಗಳ ಮಧ್ಯೆ ಒಂದು ಗಂಟೆಯಲ್ಲಿ ಕಂಡಿದ್ದು ಮೂರೇ ಮೂರು. ಮೂರನೇದು ಬಿದ್ದಾಗ ಅಮ್ಮ, "ಇರು, ಇನ್ನೊಂದು ನೋಡ್ಕೊಂಡು ಹೋಗೋಣ" ಅಂದ್ರು. ಮತ್ತೆ ಆ ಪ್ರಶ್ನೆ ಕೇಳಿಲ್ಲ.

ಆ ಗೆಳೆಯ? ಅವನು ಈಗಲೂ ನಮ್ಮ ಜೊತೆ ಬರ್ತಾನೆ. ಎರಡು ಕಂಬಳಿ ತರ್ತಾನೆ, ಒಂದು ಹಾಸೋಕೆ, ಒಂದು ಹೊದಿಯೋಕೆ. ಎಷ್ಟೇ ಚಳಿ ಇದ್ರೂ ಟೆಂಟ್ ಜಿಪ್ ಒಂದು ಗೇಣು ತೆರೆದೇ ಮಲಗ್ತಾನೆ. ಬೆಂಕಿ ಆರಿಸಿ, ಬೂದಿಗೆ ನೀರು ಹಾಕಿ, ಬಾಂಡ್ಲಿ ದೂರ ಇಟ್ಟು ಬರೋ ಕೆಲಸ ಮಾತ್ರ ನನ್ನದು. ಅದನ್ನ ಬೇರೆ ಯಾರಿಗೂ ಬಿಡಲ್ಲ.

ಈ ವಾರಾಂತ್ಯ ನಿಮ್ಮ ಗೆಳೆಯರ ಗುಂಪಿನಲ್ಲಿ ಯಾರಾದ್ರೂ ಟೆಂಟ್ ಹಾಕೋ ಪ್ಲಾನ್ ಮಾಡ್ತಿದ್ರೆ, ಕೆಂಡದ ವಿಷಯ ಅವರಿಗೆ ಹೇಳಿಬಿಡಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ. ಹುಷಾರಾಗಿ ಹೋಗಿ ಬನ್ನಿ.