‘ಗೊತ್ತಿರೋರೇ’ ಅಂದ್ರೆ ವೆರಿಫಿಕೇಶನ್ ಆದಂತಲ್ಲ

ಇವತ್ತು ಒಂದು ಅಡ್ಮಿಶನ್ ಕಥೆಯಿಂದ ಶುರು ಮಾಡ್ತೀನಿ.

ಕಳೆದ ಜೂನ್‌ನಲ್ಲಿ ಹೊಸದುರ್ಗದಿಂದ ಅಕ್ಕ ಫೋನ್ ಮಾಡಿದ್ಲು. ಮಗಳು ಏಳನೇ ಕ್ಲಾಸು, ಚಿತ್ರದುರ್ಗದಲ್ಲಿ ಹಾಸ್ಟೆಲ್ ಇರೋ ಒಂದು ಶಾಲೆಗೆ ಸೇರಿಸ್ಬೇಕು, ನೀನೂ ಬಾ ಅಂದ್ಲು. ಹೋದೆ. ಬಿಕಾಂ ಓದಿದ ಚಾಳಿ ನೋಡಿ, ಫೀಸಿನ ಪಟ್ಟೀನ ಸಾಲು ಸಾಲಾಗಿ ಓದ್ದೆ. ಮೆಸ್ ಚಾರ್ಜು, ಲಾಂಡ್ರಿ, ಎಲ್ಲಾ ಇತ್ತು. ಕೊನೆಗೆ ಕೇಳ್ದೆ: ‘ವಾರ್ಡನ್, ಅಡುಗೆಯವರು, ವಾಚ್‌ಮನ್, ವ್ಯಾನ್ ಡ್ರೈವರ್, ಇವರದ್ದೆಲ್ಲ ಪೊಲೀಸ್ ವೆರಿಫಿಕೇಶನ್ ಆಗಿದೆಯಾ?’

ಆಫೀಸಲ್ಲಿದ್ದವರು ನಕ್ಕರು. ‘ಎಲ್ಲಾ ನಮ್ಮೋರೇ ಸಾರ್, ಗೊತ್ತಿರೋರೇ.’ ಅಕ್ಕ ಮೊಣಕೈಯಲ್ಲಿ ತಿವಿದು, ‘ಸುಮ್ನಿರೋ, ಸೀಟ್ ಕೊಡಲ್ಲ ಅಂದ್ರೆ ಏನ್ ಮಾಡ್ಲಿ’ ಅಂದ್ಲು.

‘ಗೊತ್ತಿರೋರೇ.’ ನಮ್ಮ ಜಿಲ್ಲೆಯಲ್ಲಿ ನಡೆಯೋ ಬ್ಯಾಕ್‌ಗ್ರೌಂಡ್ ಚೆಕ್ ಇದು. ಹೊಳಲ್ಕೆರೆ ಆಗಲಿ, ಹಿರಿಯೂರು ಆಗಲಿ, ಕೆಲಸಕ್ಕೆ ಯಾರಾದ್ರೂ ಬಂದ್ರೆ ಮೊದಲ ಪ್ರಶ್ನೆ: ಯಾವೂರು? ಎರಡನೇದು: ಯಾರ ಮಗ? ಮೂರನೇದು: ಯಾರ ಪೈಕಿ? ಅಷ್ಟಕ್ಕೆ ವಿಚಾರಣೆ ಮುಗೀತು. ಆ ಪ್ರಶ್ನೆ ಕೊನೆಗೆ ಜಾತಿಗೆ ಹೋಗಿ ನಿಲ್ಲುತ್ತೆ. ಆ ಮನುಷ್ಯ ಹಿಂದೆ ಕೆಲಸ ಮಾಡಿದ ಜಾಗದಲ್ಲಿ ಮಕ್ಕಳ ಜೊತೆ ಹೇಗಿದ್ದ ಅನ್ನೋದು ಅದರಿಂದ ಗೊತ್ತಾಗಲ್ಲ. ಎನ್‌ಸಿಆರ್‌ಬಿ ವರದಿಗಳು ವರ್ಷ ವರ್ಷ ಹೇಳೋದೇನು? ಮಕ್ಕಳ ಮೇಲಿನ ಅತ್ಯಾಚಾರದ ಬಹುತೇಕ ಪ್ರಕರಣಗಳಲ್ಲಿ ಆರೋಪಿ ಮಗುವಿಗೆ ಗೊತ್ತಿರೋನೇ.

ಈಗ ಕಾನೂನು. 2020ರ ಮಾರ್ಚ್‌ನಲ್ಲಿ ಪೋಕ್ಸೊ ಕಾಯ್ದೆಯ ಹೊಸ ನಿಯಮಗಳು ಬಂದವು. ಅದರ 3ನೇ ನಿಯಮ ಸ್ಪಷ್ಟವಾಗಿದೆ. ಮಕ್ಕಳನ್ನು ಇರಿಸಿಕೊಳ್ಳುವ ಅಥವಾ ಮಕ್ಕಳ ಜೊತೆ ನಿತ್ಯ ಸಂಪರ್ಕದಲ್ಲಿರುವ ಪ್ರತಿ ಸಂಸ್ಥೆಯೂ, ಅಂದ್ರೆ ಶಾಲೆ, ಶಿಶುಪಾಲನಾ ಕೇಂದ್ರ, ಕ್ರೀಡಾ ಅಕಾಡೆಮಿ ಎಲ್ಲವೂ, ಮಗುವಿನ ಸಂಪರ್ಕಕ್ಕೆ ಬರುವ ಪ್ರತಿಯೊಬ್ಬ ಸಿಬ್ಬಂದಿಯ ಪೊಲೀಸ್ ಪರಿಶೀಲನೆ ಮಾಡಿಸಬೇಕು. ಪಾಠ ಮಾಡೋರು, ಮಾಡದೇ ಇರೋರು, ಕಾಯಂ, ಗುತ್ತಿಗೆ, ಎಲ್ಲರೂ ಇದರಲ್ಲಿ ಬರ್ತಾರೆ. ಒಂದು ಸಲ ಮಾಡಿಸಿ ಬಿಡೋದಲ್ಲ, ಆಗಾಗ ಮಾಡಿಸ್ತಿರಬೇಕು. ಅಂದ್ರೆ ನಾನು ಆಫೀಸಲ್ಲಿ ಕೇಳಿದ್ದು ಅಧಿಕಪ್ರಸಂಗದ ಪ್ರಶ್ನೆ ಅಲ್ಲ.

ಚಿತ್ರದುರ್ಗದಲ್ಲಿ ಕೂತು ಈ ವಿಷಯ ಮಾತಾಡಿದ್ರೆ ಎಲ್ಲರಿಗೂ ನೆನಪಾಗೋದು ಒಂದೇ. 2022ರ ಆಗಸ್ಟ್‌ನಲ್ಲಿ ಮುರುಘಾ ಮಠದ ಹಾಸ್ಟೆಲ್‌ನಲ್ಲಿದ್ದ ಇಬ್ಬರು ಹುಡುಗಿಯರು ಕೊಟ್ಟ ದೂರು ಮೈಸೂರಿನ ನಜರ್‌ಬಾದ್ ಠಾಣೆಯಲ್ಲಿ ದಾಖಲಾಯ್ತು. ಸೆಪ್ಟೆಂಬರ್ 1ರಂದು ಶಿವಮೂರ್ತಿ ಮುರುಘಾ ಶರಣರ ಬಂಧನವಾಯ್ತು. 2025ರ ನವೆಂಬರ್ 26ರಂದು ಚಿತ್ರದುರ್ಗದ ನ್ಯಾಯಾಲಯ ಆ ಮೊದಲ ಪ್ರಕರಣದಲ್ಲಿ ಅವರನ್ನು ಖುಲಾಸೆ ಮಾಡಿತು. ತೀರ್ಪಿನ ಬಗ್ಗೆ ನಾನು ಮಾತಾಡಲ್ಲ. ಒಬ್ಬ ವ್ಯಕ್ತಿ ತಪ್ಪಿತಸ್ಥರೋ ಅಲ್ಲವೋ ಅನ್ನೋದು ಕೋರ್ಟಿನ ಪ್ರಶ್ನೆ. ನಮ್ಮ ಪ್ರಶ್ನೆ ಬೇರೆ ಇತ್ತು. ಮೂರು ವರ್ಷ ಟೀ ಅಂಗಡಿಗಳಲ್ಲಿ ಆ ಕಡೆ ಈ ಕಡೆ ಅಂತ ಜಗಳ ಆಡಿದ್ವಲ್ಲ, ನಮ್ಮ ಮಕ್ಕಳಿರೋ ಹಾಸ್ಟೆಲ್‌ಗೆ ಹೋಗಿ ‘ಸಿಬ್ಬಂದಿಯ ಫೈಲ್ ತೋರಿಸಿ’ ಅಂತ ನಮ್ಮಲ್ಲಿ ಎಷ್ಟು ಜನ ಕೇಳಿದ್ವಿ? ನಾನಂತೂ ಕೇಳಿರಲಿಲ್ಲ.

ಹಾಗಂತ ಸರ್ಟಿಫಿಕೇಟ್ ಇದ್ರೆ ಎಲ್ಲಾ ಸರಿಹೋಯ್ತಾ? ಇಲ್ಲ. ಆಡಿಟಿಂಗ್ ಓದಿದೋರಿಗೆ ಗೊತ್ತು, ಬ್ಯಾಲೆನ್ಸ್ ಶೀಟ್ ಹೇಳೋದು ಮಾರ್ಚ್ 31ರ ಕಥೆ. ಏಪ್ರಿಲ್ 1ರದ್ದು ಅದರಲ್ಲಿ ಇರಲ್ಲ. ಪೊಲೀಸ್ ವೆರಿಫಿಕೇಶನ್ನೂ ಹಾಗೇ. ಈ ತಾರೀಖಿನವರೆಗೆ ದಾಖಲೆಯಲ್ಲಿ ಕೇಸ್ ಇದೆಯಾ ಇಲ್ಲವಾ ಅಂತ ಹೇಳುತ್ತೆ. ಯಾರೂ ದೂರೇ ಕೊಡದ ವಿಷಯ ಅದರಲ್ಲಿ ಸಿಗಲ್ಲ.

ಇಂಗ್ಲೆಂಡಿಗೆ ಇದು ತುಂಬಾ ದುಬಾರಿ ಪಾಠ ಆಯ್ತು. 2002ರ ಆಗಸ್ಟ್‌ನಲ್ಲಿ ಸೋಹಮ್ ಅನ್ನೋ ಊರಲ್ಲಿ ಹತ್ತು ವರ್ಷದ ಇಬ್ಬರು ಹುಡುಗಿಯರ ಕೊಲೆಯಾಯ್ತು. ಕೊಂದವನು ಇಯಾನ್ ಹಂಟ್ಲಿ, ಅಲ್ಲಿನ ಶಾಲೆಯೊಂದರ ಕೇರ್‌ಟೇಕರ್. ಬೇರೆ ಊರಲ್ಲಿ ಅವನ ಮೇಲೆ ಹಿಂದೆ ಹಲವು ಲೈಂಗಿಕ ಆರೋಪಗಳು ಬಂದಿದ್ವು. ಅವುಗಳಲ್ಲಿ ಶಿಕ್ಷೆ ಆಗಿರಲಿಲ್ಲ, ಮಾಹಿತಿ ಶಾಲೆಗೆ ತಲುಪಲೇ ಇಲ್ಲ. ಆಮೇಲೆ ವಿಚಾರಣಾ ಆಯೋಗ ಕೂತು, ಕಾನೂನು ಬದಲಾಗಿ, ಮಕ್ಕಳ ಮತ್ತು ಅಸಹಾಯಕ ವಯಸ್ಕರ ಜೊತೆ ಕೆಲಸ ಮಾಡೋರನ್ನು ಪರಿಶೀಲಿಸೋಕೆ ಈಗ ಡಿಬಿಎಸ್ ಅನ್ನೋ ಪ್ರತ್ಯೇಕ ಸಂಸ್ಥೆಯೇ ಇದೆ. ನಮ್ಮಲ್ಲೂ 2018ರ ಸೆಪ್ಟೆಂಬರ್‌ನಲ್ಲಿ ಲೈಂಗಿಕ ಅಪರಾಧಿಗಳ ರಾಷ್ಟ್ರೀಯ ದತ್ತಾಂಶ ಶುರುವಾಯ್ತು. ಆದರೆ ಅದನ್ನು ನೋಡೋಕೆ ಆಗೋದು ಪೊಲೀಸರಂಥ ತನಿಖಾ ಸಂಸ್ಥೆಗಳಿಗೆ ಮಾತ್ರ. ಶಾಲೆಯವರು ತಾವೇ ಹುಡುಕೋಕಾಗಲ್ಲ, ಪೊಲೀಸರ ಹತ್ತಿರ ಹೋಗಲೇಬೇಕು.

ಇನ್ನು ಹಿರಿಯರ ವಿಷಯ. ಹೊಳಲ್ಕೆರೆಯಲ್ಲಿ ನಮ್ಮ ಅಜ್ಜಿಗೆ ಮರೆವಿನ ಕಾಯಿಲೆ. ನೋಡ್ಕೊಳ್ಳೋಕೆ ಒಬ್ಬರನ್ನ ಇಟ್ಕೊಂಡಾಗ ನಾವು ತಗೊಂಡಿದ್ದು ಒಂದು ಆಧಾರ್ ಜೆರಾಕ್ಸ್ ಅಷ್ಟೇ. ಆಧಾರ್ ಹೇಳೋದು ಅವರು ಯಾರು ಅಂತ, ಹೇಗೆ ಅಂತಲ್ಲ. ಪೋಕ್ಸೊ ನಿಯಮ ಮಕ್ಕಳಿಗೆ ಮಾತ್ರ, ಅಜ್ಜಿಗೆ ಅನ್ವಯಿಸಲ್ಲ. ತಮಾಷೆ ನೋಡಿ, ಎಟಿಎಂ ಮುಂದೆ ನಿಲ್ಲೋ ಸೆಕ್ಯೂರಿಟಿ ಏಜೆನ್ಸಿ ಗಾರ್ಡ್‌ಗೆ 2005ರ ಕಾಯ್ದೆ ಪ್ರಕಾರ ಪೂರ್ವಾಪರ ಪರಿಶೀಲನೆ ಕಡ್ಡಾಯ. ಹಣಕ್ಕಿರೋ ಕಾಳಜಿ ಅಜ್ಜಿಗಿಲ್ಲ.

‘ಕೇಳಿದ್ರೆ ಬೇಜಾರ್ ಮಾಡ್ಕೊಳ್ತಾರೆ’ ಅಂತೀರಾ? ಹಿರಿಯೂರಲ್ಲಿ ಶಾಲೆ ವ್ಯಾನ್ ಓಡಿಸೋ ಗೆಳೆಯನಿಗೆ ಇದನ್ನ ಹೇಳಿದಾಗ ಮುಖ ಕೆಂಪಾಯ್ತು. ‘ನನ್ನ ಮೇಲೇ ಅನುಮಾನನಾ?’ ಅಂದ. ಒಬ್ಬನನ್ನೇ ಕೇಳಿದ್ರೆ ಅನುಮಾನ ಕಣಪ್ಪ, ಎಲ್ಲರನ್ನೂ ಕೇಳಿದ್ರೆ ನಿಯಮ ಅಂದೆ. ಸ್ವಲ್ಪ ದಿನ ಬಿಟ್ಟು ಅವನೇ ಸರ್ಟಿಫಿಕೇಟ್ ಮಾಡಿಸಿ, ಲ್ಯಾಮಿನೇಟ್ ಮಾಡಿ ವ್ಯಾನಲ್ಲಿ ಇಟ್ಕೊಂಡ. ನಾಳೆ ಯಾರಾದ್ರೂ ಗಾಳಿಮಾತು ಎಬ್ಬಿಸಿದ್ರೆ ತೋರಿಸೋಕೆ ಏನೋ ಒಂದು ಇದೆ ಅಂತಾನೆ.

ಹಾಗಾದ್ರೆ ಏನ್ ಮಾಡ್ಬೇಕು? ಮೂರು ಕೆಲಸ. ಒಂದು, ಸರ್ಟಿಫಿಕೇಟ್ ಕೇಳಿ, ತಾರೀಖು ನೋಡಿ. ಇಲ್ಲ ಅಂದ್ರೆ ಸೇವಾ ಸಿಂಧು ಪೋರ್ಟಲ್‌ನಲ್ಲಿ ಅರ್ಜಿ ಹಾಕೋಕಾಗುತ್ತೆ ಅಂತ ನೀವೇ ಹೇಳಿಕೊಡಿ. ಎರಡು, ಹಿಂದೆ ಕೆಲಸ ಮಾಡಿದ ಜಾಗಕ್ಕೆ ಒಂದು ಫೋನ್ ಮಾಡಿ. ‘ಯಾಕೆ ಬಿಟ್ರು? ಮತ್ತೆ ಬಂದ್ರೆ ಕೆಲಸ ಕೊಡ್ತೀರಾ?’ ಅಂತ ಕೇಳಿ. ಎರಡನೇ ಪ್ರಶ್ನೆಗೆ ಆ ಕಡೆಯವರು ತಡವರಿಸಿದ್ರೆ ಅದೂ ಒಂದು ಉತ್ತರವೇ. ಮೂರು, ಮಗುವಿಗೆ 1098, ಹಿರಿಯರಿಗೆ 14567, ಈ ಸಹಾಯವಾಣಿ ನಂಬರ್‌ಗಳನ್ನು ಬಾಯಿಪಾಠ ಮಾಡಿಸಿ. ವಿಷಯ ಗೊತ್ತಿದ್ದೂ ಪೊಲೀಸರಿಗೆ ತಿಳಿಸದೆ ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೆ ಪೋಕ್ಸೊ ಕಾಯ್ದೆಯಲ್ಲಿ ಒಂದು ವರ್ಷದವರೆಗೆ ಜೈಲು ಶಿಕ್ಷೆ ಇದೆ, ಅದೂ ನೆನಪಿರಲಿ.

ಅಕ್ಕನ ಮಗಳು ಸೇರಿದ್ಲು. ಒಂದು ವಾರ ಬಿಟ್ಟು ನಾಲ್ಕು ಜನರ ಸರ್ಟಿಫಿಕೇಟ್ ತೋರಿಸಿದ್ರು. ಡ್ರೈವರ್‌ದು ಆಗಸ್ಟ್‌ನಲ್ಲಿ ಬಂತು. ನಾನು ಗೆದ್ದೆ ಅಂತ ಬೀಗುತ್ತಾ ಅವಳಿಗೆ ನಂಬರ್ ಒಪ್ಪಿಸು ಅಂದೆ. ಪಟಪಟ ಅಂತ ಒಪ್ಪಿಸಿ ಕೇಳಿದ್ಲು: ‘ಮಾಮ, 1098 ಗೊತ್ತು. ಆದ್ರೆ ಹಾಸ್ಟೆಲಲ್ಲಿ ಇರೋದು ಒಂದೇ ಫೋನು. ಅದೂ ವಾರ್ಡನ್ ಮೇಡಂ ಟೇಬಲ್ ಮೇಲೆ. ಅವರ ಮುಂದೆ ಹೆಂಗೆ ಮಾಡ್ಲಿ?’

ನನ್ನ ಹತ್ತಿರ ಉತ್ತರ ಇರಲಿಲ್ಲ. ಮುಂದಿನ ಪೇರೆಂಟ್ಸ್ ಮೀಟಿಂಗ್‌ನಲ್ಲಿ ಅಕ್ಕ ಎದ್ದು ನಿಂತು, ಮಕ್ಕಳು ಒಬ್ಬರೇ ಮಾತಾಡೋ ಹಾಗೆ ಕಾರಿಡಾರ್‌ನಲ್ಲಿ ಒಂದು ಫೋನ್ ಇಡಿ ಅಂತ ಕೇಳಿದ್ಲು. ಈ ಸಲ ನಾನು ತಿವಿಯೋ ಅಗತ್ಯ ಬರಲಿಲ್ಲ. ಇನ್ನೂ ಇಟ್ಟಿಲ್ಲ, ಕೇಳ್ತಾ ಇದೀವಿ.

ನಿಮ್ಮ ಮಕ್ಕಳಿರೋ ಹಾಸ್ಟೆಲಲ್ಲಿ ಫೋನ್ ಎಲ್ಲಿದೆ? ಈ ಭಾನುವಾರ ನೋಡೋಕೆ ಹೋದಾಗ ಒಂದ್ಸಲ ಕೇಳಿ. ಮತ್ತೆ ಸಿಗೋಣ.